ಗಾಡಿ ತಣಿಯುವ ತನಕ

ಉಪ್ಪುಂದದ ಸುತ್ತಮುತ್ತ ಯಾರಾದರೂ ಹಳೆಯ ಕಾರು ಕೊಳ್ಳುವುದಿದ್ದರೆ, ಮೆಕ್ಯಾನಿಕ್ಕಿಗೆ ತೋರಿಸುವ ಮೊದಲು ವನಜಕ್ಕನಿಗೆ ತೋರಿಸುತ್ತಾರೆ. ವನಜಕ್ಕನಿಗೆ ಈಗ ಅರವತ್ತೆರಡು. ಗ್ಯಾರೇಜಿನ ಕೆಲಸ ಕಲಿತವಳಲ್ಲ, ಓದಿದ್ದು ಏಳನೆಯ ಕ್ಲಾಸು. ಆದರೆ ಹದಿನೆಂಟು ವರ್ಷ ಮೀನಿನ ಟೆಂಪೋ ಓಡಿಸಿದ್ದಾಳೆ.

ಟೆಂಪೋ ಇದ್ದದ್ದು ಗಂಡ ಚಂದ್ರನ ಹೆಸರಿನಲ್ಲಿ. ಕೋಡೇರಿಯ ದಡದಿಂದ ಮೀನಿನ ಬುಟ್ಟಿಗಳನ್ನೂ ಅವುಗಳ ಒಡತಿಯರನ್ನೂ ಹತ್ತಿಸಿಕೊಂಡು ಹೊರಟರೆ, ಕುಂದಾಪುರದಲ್ಲಿ ಇಬ್ಬರು, ಕೋಟೇಶ್ವರದಲ್ಲಿ ಒಬ್ಬಳು, ತೆಕ್ಕಟ್ಟೆಯಲ್ಲಿ ಇನ್ನೊಬ್ಬಳು ಅಂತ ಇಳಿಸುತ್ತ ಬ್ರಹ್ಮಾವರ ಮುಟ್ಟುವಾಗ ಗಾಡಿ ಖಾಲಿ. ವನಜಕ್ಕನೂ ಆ ಹೆಂಗಸರಲ್ಲಿ ಒಬ್ಬಳಾಗಿ, ತನ್ನ ಬುಟ್ಟಿ ಹಿಂದಿಟ್ಟು ಗಂಡನ ಪಕ್ಕ ಕೂತು ಹೋಗುತ್ತಿದ್ದಳು. ತೊಂಬತ್ತಾರನೆಯ ಇಸವಿಯಲ್ಲಿ, ಮಳೆಗಾಲ ಕಳೆದು ಆಗಷ್ಟೇ ಮೀನು ಬರತೊಡಗಿದ್ದಾಗ, ದೋಣಿ ಎಳೆಯುವ ಹಗ್ಗ ಸುತ್ತಿಕೊಂಡು ಚಂದ್ರನ ಎಡಗಾಲಿನ ಗಂಟು ಮುರಿಯಿತು. ಎಡಗಾಲು ಅಂದರೆ ಕ್ಲಚ್ಚಿನ ಕಾಲು. ಬದಲಿಗೆ ಬಂದ ಡ್ರೈವರ್ ಮೀನಿನ ನಾತ ತಡೆಯದೆ ನಾಲ್ಕೇ ದಿನಕ್ಕೆ ಕೈಮುಗಿದ. ಐದನೆಯ ದಿನ ಬೆಳಿಗ್ಗೆ ಹೆಂಗಸರೆಲ್ಲ ಬುಟ್ಟಿ ಇಳಿಸಿ ದಡದಲ್ಲಿ ನಿಂತಿದ್ದರು. ಮದುವೆಯ ಹೊಸತರಲ್ಲಿ ಚಂದ್ರ ಶಾಲೆಯ ಮೈದಾನದಲ್ಲಿ ತಮಾಷೆಗೆ ಗಾಡಿ ಕಲಿಸಿದ್ದ. ಆ ತಮಾಷೆಯನ್ನೇ ನಂಬಿ ವನಜಕ್ಕ ಸೀರೆ ಎತ್ತಿಕಟ್ಟಿ ಬಲಗಡೆಯಿಂದ ಹತ್ತಿದಳು. ಲೈಸನ್ಸು ಕೈಗೆ ಬಂದದ್ದು ಮೂರು ತಿಂಗಳ ಮೇಲೆ.

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಒಮ್ಮೆ ಪೊಲೀಸಿನವರು ಕೈ ತೋರಿಸಿದರು. "ಡ್ರೈವರ್ ಎಲ್ಲಿಗ್ ಹೋಯ್ದ?" ಅಂತ ಕೇಳಿದರು.

"ಇಲ್ಲೇ ಇತ್ತಲೆ. ಇಳ್ದ್ ಬರ್ಕಾ?" ಅಂದಳು ವನಜಕ್ಕ. ಹಿಂದೆ ಬುಟ್ಟಿಗಳ ನಡುವೆ ಕೂತಿದ್ದ, ತೆಕ್ಕಟ್ಟೆಯಲ್ಲಿ ಇಳಿಯುವ ಹೆಂಗಸು ಚಿಕ್ಕು ನಕ್ಕ ನಗೆಗೆ ಪೊಲೀಸಿನವರೂ ನಕ್ಕುಬಿಟ್ಟರು. ಅಲ್ಲಿಂದ ಮುಂದೆ ಅವಳು ಊರಿಗೆಲ್ಲ ಟೆಂಪೋ ವನಜಕ್ಕ.

ಹದಿನೆಂಟು ವರ್ಷದಲ್ಲಿ ಆ ಒಂದೇ ಎಂಜಿನ್ನು ಅವಳಿಗೆ ಡೀಸೆಲ್ಲಿನ ಎಲ್ಲ ಕಾಯಿಲೆಗಳನ್ನೂ ಕಲಿಸಿತ್ತು. ಕರಿ ಹೊಗೆ ಯಾಕೆ, ಬಿಳಿ ಹೊಗೆ ಯಾಕೆ, ಎತ್ತರ ಏರುವಾಗ ಉಸಿರು ಕಟ್ಟುವುದು ಯಾಕೆ, ಎಲ್ಲ ಗೊತ್ತಾಗುತ್ತಿತ್ತು. ಟೆಂಪೋ ಗುಜರಿಗೆ ಹೋದ ಮೇಲೆ ಆ ತಿಳಿವಳಿಕೆ ಮಾತ್ರ ಅವಳಲ್ಲಿ ಉಳಿಯಿತು. ಅದನ್ನು ಯಾರು ಕೇಳಿದರೂ ಕೊಡುತ್ತಿದ್ದಳು.

ಕಳೆದ ನವೆಂಬರಿನಲ್ಲಿ ಕೇಳಿಕೊಂಡು ಬಂದವಳು ತಂಗಿಯ ಮಗಳು ಸ್ವಾತಿ. ಅವಳಿಗೆ ಕುಂದಾಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ. ದಿನಾ ಉಪ್ಪುಂದದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

"ದೊಡ್ಡಮ್ಮ, ಬ್ರಹ್ಮಾವರದಗೆ ಒಂದ್ ಗಾಡಿ ಇತ್ತ್. ಕಾಂಬುಕೆ ಬತ್ಯಾ?" ಎನ್ನುತ್ತ ಫೋನಿನಲ್ಲಿ ಚಿತ್ರ ತೋರಿಸಿದಳು. ಕಡುನೀಲಿ ಬಣ್ಣದ, ನೆಲಕ್ಕೆ ಅಂಟಿದಂತಿದ್ದ ಕಾರು. ಹಿಂಬದಿ ಜಾರುಬಂಡೆಯ ಹಾಗೆ ಇಳಿದಿತ್ತು. ಬಾಗಿಲು ಎರಡೇ. ಕೂಪೆ ಅಂತ ಹೇಳುತ್ತಾರಂತೆ, ಡೀಸೆಲ್ಲಿನದು.

"ಹಿಂದ್ ಯಾರ್ ಕೂಕಂತ್ರ್ ಹೆಣೆ?"

"ಯಾರೂ ಕೂಕಂತಿಲ್ಲೆ. ಅದ್ಕೇ ಬೇಕ್ ನಂಗೆ. ನಾಲ್ಕ್ ಬಾಗ್ಲ್ ಇದ್ರೆ ಮದಿ ದಿಬ್ಬಣ್ಕೂ ಅದೇ ಗಾಡಿ, ಆಸ್ಪತ್ರಿಗೂ ಅದೇ ಗಾಡಿ, ಗ್ಯಾಸ್ ತಪ್ಪುಕೂ ಅದೇ ಗಾಡಿ. ಇದ್ ನನ್ನ್ ಒಬ್ಳದ್ದೇ ಆಯ್ಕ್."

ಜಗಲಿಯಲ್ಲಿ ಕೂತಿದ್ದ ಚಂದ್ರ ಇಣುಕಿ ನೋಡಿದ. "ನಾ ಅದ್ರೊಳ್ಗ್ ಹೊಕ್ರೆ ಹೊರ್ಗ್ ಬಪ್ಪುಕಿಲ್ಲೆ. ಅಲ್ಲೇ ಬಿಡಾರ ಮಾಡ್ಕ್!"

ವನಜಕ್ಕ ನಗಲಿಲ್ಲ. ಒಬ್ಬಳೇ ಕೂರುವ ಗಾಡಿ ಬೇಕು ಅಂತ ಹೆಣ್ಣೊಂದು ಹೀಗೆ ನೇರವಾಗಿ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ದಿನಕ್ಕೆಷ್ಟ್ ಓಡ್ಸ್ತೆ?" ಅಂತ ಮಾತ್ರ ಕೇಳಿದಳು. ಹೋಗಿ ಬರುವುದು ಅರವತ್ತು ಕಿಲೋಮೀಟರಿನ ಹತ್ತಿರ ಅಂದಾಗ ತಲೆಯಾಡಿಸಿದಳು. "ಹಾಂಗಾರೆ ಡೀಸೆಲ್ ಅಡ್ಡಿಲ್ಲೆ. ಪೇಟಿಯೊಳ್ಗೇ ತಿರ್ಗುದಾರೆ ಬ್ಯಾಡ ಅಂತಿದ್ದೆ."

ಭಾನುವಾರ ಇಬ್ಬರೂ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದರು. ಗಾಡಿಯ ಯಜಮಾನ ಪ್ರೇಮಾನಂದ ನಲವತ್ತು ವರ್ಷ ಬೊಂಬಾಯಿಯಲ್ಲಿದ್ದು, ಒಂದು ದೊಡ್ಡ ಆಫೀಸಿನ ಕ್ಯಾಂಟೀನು ನಡೆಸಿ, ಮೂರು ವರ್ಷದ ಹಿಂದೆ ಊರಿಗೆ ಮರಳಿದವರು. ಗೇಟಿನ ತನಕ ಬಂದು ಎದುರುಗೊಂಡರು.

"ಬನ್ನಿ ಬನ್ನಿ. ಗಾಡಿ ಏಕ್‌ದಮ್ ಫಸ್ಟ್ ಕ್ಲಾಸ್ ಇತ್ತ್. ಕೀ ತಿರ್ಗ್ಸಿ ಕಾಣಿ."

ವನಜಕ್ಕ ಕೀ ತೆಗೆದುಕೊಳ್ಳಲಿಲ್ಲ. ಮಗುವಿನ ಜ್ವರ ನೋಡುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬಿಸಿಯಿತ್ತು. ತಾವು ಬರುವ ಮೊದಲೇ ಎಂಜಿನ್ನು ಓಡಿಸಿ ಇಟ್ಟಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಕೆಟ್ಟ ಡೀಸೆಲ್ ಎಂಜಿನ್ನಿನ ಗುಟ್ಟು ತಣ್ಣಗಿರುವಾಗಲೇ ಹೊರಬೀಳುವುದು. ಬಿಸಿಯಾದರೆ ಎಲ್ಲ ಎಂಜಿನ್ನೂ ಸಾಧು.

"ಗಾಡಿ ತಣಿಲಿ. ನಾವ್ ಕೂಕಂತೋ. ನಮ್ಗೇನ್ ಗಡಿಬಿಡಿ ಇಲ್ಲೆ," ಎಂದಳು.

ಪ್ರೇಮಾನಂದರ ಮುಖ ಸ್ವಲ್ಪ ಬಾಡಿತು. ಆದರೂ ಕುರ್ಚಿ ತಂದು ಹಾಕಿದರು.

ಕಾಯುವಾಗ ವನಜಕ್ಕ ಸುಮ್ಮನೆ ಕೂರಲಿಲ್ಲ. ಎರಡು ಬಾಗಿಲ ಕಾರಿನ ಬಾಗಿಲು ಉದ್ದ, ಭಾರ ಹೆಚ್ಚು. ಹಾಗಾಗಿ ಅದನ್ನು ಅರ್ಧ ತೆರೆದು ಅಡಿಯಿಂದ ಎತ್ತಿ ನೋಡಬೇಕು, ಅಲುಗಿದರೆ ಅದು ನೇತಿರುವ ಹಿಂಜು ಸವೆದಿದೆ ಅಂತ ಸ್ವಾತಿಗೆ ತೋರಿಸಿಕೊಟ್ಟಳು. ಅಲುಗಲಿಲ್ಲ. ಒಂದು ಗೋಣಿ ಕೇಳಿ ಪಡೆದು ಅಂಗಳದಲ್ಲಿ ಹಾಸಿ, ಈ ವಯಸ್ಸಿನಲ್ಲೂ ಅಂಗಾತ ಮಲಗಿ ಗಾಡಿಯ ಅಡಿ ನೋಡಿದಳು. ಇಷ್ಟು ತಗ್ಗಿನ ಗಾಡಿ ನಮ್ಮ ರಸ್ತೆಯ ಹಂಪುಗಳಿಗೆ ಉಜ್ಜದೆ ಇರುವುದಿಲ್ಲ. ಆಯಿಲ್ ಇರುವ ಜಾಗಕ್ಕೆ ಪೆಟ್ಟು ಬಿದ್ದಿದೆಯೇ ಅಂತ ಮುಟ್ಟಿ ನೋಡಿದಳು. ಗೀರುಗಳಿದ್ದವು, ಸೋರಿಕೆ ಇರಲಿಲ್ಲ. ಉಪ್ಪುಗಾಳಿಯ ತುಕ್ಕೂ ಹೆಚ್ಚು ಹಿಡಿದಿರಲಿಲ್ಲ. ಎದ್ದು ಕೈ ಕೊಡವಿಕೊಳ್ಳುವಾಗ ಪ್ರೇಮಾನಂದರು ನೀರಿನ ಚೊಂಬು ಹಿಡಿದು ನಿಂತಿದ್ದರು.

"ಹೀಂಗ್ ಯಾರೂ ಕಂಡದ್ದಿಲ್ಲೆ," ಎಂದರು.

ಮಧ್ಯಾಹ್ನ ಅವರೇ ಅಡಿಗೆ ಮಾಡಿದರು. ಹೆಂಡತಿ ತೀರಿಕೊಂಡು ಐದು ವರ್ಷ ಆಗಿತ್ತು. ಬಂಗುಡೆಯ ಹುಳಿ, ಕುಚ್ಚಲಕ್ಕಿ ಅನ್ನ. ಊಟದ ನಡುವೆ ಮಾತು ಬೊಂಬಾಯಿಗೆ ಹೊರಳಿತು. ಆ ಆಫೀಸಿನ ಮೂರನೆಯ ಮಹಡಿಯ ಸಾಹೇಬರೊಬ್ಬರು ಈ ಕಾರನ್ನು ಹೊಸದಾಗಿ ತಂದ ದಿನ ಪ್ರೇಮಾನಂದರು ಕ್ಯಾಂಟೀನಿನ ಕಿಟಕಿಯಿಂದ ನೋಡಿದ್ದರಂತೆ. ಆಮೇಲೆ ದಿನಾ ಹತ್ತು ಗಂಟೆಗೆ, ಅದು ಬಂದು ನಿಲ್ಲುವ ಹೊತ್ತಿಗೆ, ಚಹಾದ ಕೆಟಲು ಕೆಳಗಿಟ್ಟು ಕಿಟಕಿಗೆ ಹೋಗುತ್ತಿದ್ದರಂತೆ. ಸಾಹೇಬರು ವಿದೇಶಕ್ಕೆ ಹೊರಟಾಗ, "ನಂಗೆ ಕೊಡ್ತೀರಾ?" ಅಂತ ಕೇಳಿಯೇ ಬಿಟ್ಟರು. ಸಾಹೇಬರು ಮೊದಲು ತಮಾಷೆ ಅಂದುಕೊಂಡರಂತೆ.

"ಹಾಂಗಾರೆ ಈಗ ಎಂತಕ್ ಕೊಡುದ್?" ಸ್ವಾತಿ ಕೇಳಿದಳು.

"ಸೊಂಟ ಮಾರಾಯ್ತಿ. ಇಳುದಂದ್ರೆ ಬಾವಿಯಿಂದ ಹತ್ತಿ ಬಂದಾಂಗ್ ಆತ್ತ್." ಅನ್ನ ಕಲೆಸುತ್ತ, ವನಜಕ್ಕನ ಕಡೆ ನೋಡದೆ ಹೇಳಿದರು, "ಬೆಳಿಗ್ಗೆ ನಾ ಒಂದ್ ಗಳ್ಗಿ ಸ್ಟಾರ್ಟ್ ಮಾಡಿ ಇಟ್ಟಿದ್ದೆ. ತಣ್ಣಗಿಪ್ಪತಿಗೆ ಸ್ವಲ್ಪ ಗಲಾಟಿ ಮಾಡತ್ತ್. ಅದ್ನ್ ಕೇಂಡ್ರೆ ಯಾರೂ ತಕಂತಿಲ್ಲೆ ಅಂದೇಳಿ."

"ಗೊತ್ತಾಯ್ತ್," ಎಂದಳು ವನಜಕ್ಕ. "ಹುಳಿ ಲಾಯ್ಕ್ ಆಯಿತ್ ಕಾಣಿ. ಇನ್ನೊಂಚೂರ್ ಹಾಕಿ."

ಮೂರು ಗಂಟೆಗೆ ಬಾನೆಟ್ಟು ತಣ್ಣಗಾಗಿತ್ತು. ಸ್ವಾತಿಯ ಕೈಯಲ್ಲಿ ಸ್ಟಾರ್ಟ್ ಮಾಡಿಸಿ ವನಜಕ್ಕ ಹಿಂದೆ ಹೋಗಿ ನಿಂತಳು. ಒಂದು ಸಲ ನಡುಗಿ ಹಿಡಿದುಕೊಂಡಿತು. ಸ್ವಲ್ಪ ಬಿಳಿ ಹೊಗೆ ಬಂತು. ಒಳಗಿಂದ ಟಕಟಕ ಎಂದು ಒಂದೇ ಕಡೆಯ ಸದ್ದು. ಎರಡು ನಿಮಿಷ ಹಾಗೆಯೇ ಕೇಳಿದಳು. ಸದ್ದು ಕಡಿಮೆಯಾಗುತ್ತ ಬಂತು.

"ಡೀಸೆಲ್ ಬಿಡು ನಾಲ್ಕ್ ಇಂಜೆಕ್ಟರಗೆ ಒಂದ್ ಸಮ ಇಲ್ಲೆ. ಮಿಶಿನಿಗ್ ಹಾಕಿ ಕಾಣ್ಕ್. ಅದ್ ಮಾಡ್ಸುಕ್ ಆಪ್ಪಂತದ್ದೇ. ಆ ಹಳ್ದಿ ದೀಪ ಎಂತದ್?"

ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಗುರುತು ಉರಿಯುತ್ತಿತ್ತು. ಸ್ವಾತಿ ಫೋನಿನಲ್ಲಿ ಹುಡುಕಿ ಓದಿದಳು. ಹೊಗೆಯ ಮಸಿ ಹಿಡಿಯುವ ಫಿಲ್ಟರು ಕಟ್ಟಿಕೊಳ್ಳುತ್ತಿದೆ ಅಂತ ಅದರ ಅರ್ಥ. ಪ್ರೇಮಾನಂದರು ಆರು ತಿಂಗಳಿಂದ ಅದನ್ನು ನೋಡಿ ನೋಡಿ ಅಭ್ಯಾಸ ಮಾಡಿಕೊಂಡಿದ್ದರು.

"ನೀವ್ ಇದ್ರಗೆ ಎಲ್ಲಿಗ್ ಹೋತ್ರಿ?"

"ಪೇಟಿಗೆ. ಮೀನ್ ತಪ್ಪುಕೆ."

"ಎಷ್ಟ್ ದೂರ?"

"ಒಂದೂವರಿ ಕಿಲೋಮೀಟರ್."

ವನಜಕ್ಕನಿಗೆ ಆ ಗಾಡಿಯ ಬಗ್ಗೆ ಕನಿಕರ ಬಂತು. "ಡೀಸೆಲ್ ಗಾಡಿಗೆ ದೂರ ಬೇಕ್ ಮಾರಾಯ್ರೆ. ಮೈ ಬೆಚ್ಚಗಾಪುದ್ರೊಳ್ಗೆ ಬಂದ್ ಮಾಡ್ರೆ ಅದ್ರ್ ಮಸಿ ಅದ್ರೊಳ್ಗೇ ಉಳ್ದತ್ತ್. ಬನ್ನಿ, ಒಂದ್ ರೌಂಡ್ ಹೋಪ."

ಸ್ವಾತಿ ಎಡಗಡೆ ಕೂತಳು. ಪ್ರೇಮಾನಂದರು ಮುಂದಿನ ಸೀಟು ಬಗ್ಗಿಸಿ ಹಿಂದೆ ನುಗ್ಗಿ, ಮಂಡಿ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತರು. ವನಜಕ್ಕ ಸ್ಟಿಯರಿಂಗ್ ಹಿಡಿದಳು. ಅದನ್ನು ಮುಟ್ಟದೆ ಹನ್ನೊಂದು ವರ್ಷ ಆಗಿತ್ತು. ಮೊದಲ ನೂರು ಮಾರು ಹೆದರಿ ಹೆದರಿ ಹೋದಳು. ಹೈವೇ ಸಿಕ್ಕಿದ್ದೇ ಕಾಲಿಗೆ ಹಳೆಯದೆಲ್ಲ ನೆನಪಾಯಿತು. ಮಾಬುಕಳ ಸೇತುವೆಯ ಮೇಲೆ ಸ್ವಲ್ಪ ಒತ್ತಿದಳು ಅಷ್ಟೆ, ಯಾರೋ ಬೆನ್ನ ಹಿಂದಿನಿಂದ ನೂಕಿದ ಹಾಗೆ ಗಾಡಿ ಮುಂದಕ್ಕೆ ಹಾರಿತು.

"ಅಬ್ಬಬ್ಬ!" ಎಂದಳು, ಸಣ್ಣ ಹುಡುಗಿಯ ಹಾಗೆ.

ಟೆಂಪೋದ ಕಾಲದಲ್ಲಿ ಈ ರಸ್ತೆ ಎರಡೇ ಸಾಲಿನದಾಗಿತ್ತು. ಕೋಟದಲ್ಲಿ ಇಳಿಯುವವಳು ಒಂದು ಮಾತೂ ಆಡದೆ ಇಳಿದು ಹೋಗುತ್ತಿದ್ದಳು. ತೆಕ್ಕಟ್ಟೆಯ ಚಿಕ್ಕು ಇಳಿದ ಮೇಲೂ ಕಿಟಕಿ ಹಿಡಿದು ಮಾತು ಮುಗಿಸದೆ ಬಿಡುತ್ತಿರಲಿಲ್ಲ. "ಹ್ವಾಯ್, ಬಪ್ಪತಿಗೆ ನನ್ನ್ ಮರಿಬೇಡ ಮತ್ತೆ!" ಅಂತ ದಿನಾ ಕೂಗುತ್ತಿದ್ದಳು, ಒಂದು ದಿನವೂ ವನಜಕ್ಕ ಮರೆತದ್ದಿಲ್ಲದಿದ್ದರೂ. ಚಿಕ್ಕು ಹೋಗಿ ಆರು ವರ್ಷ ಆಯಿತು. ಅವಳು ಬುಟ್ಟಿ ಇಡುತ್ತಿದ್ದ ಜಾಗದಲ್ಲಿ ಈಗ ಸರ್ವಿಸ್ ರಸ್ತೆ. ಬರುವಾಗ ಖಾಲಿ ಬುಟ್ಟಿಗಳು ಒಂದರೊಳಗೊಂದು ಕೂತು, ಹೆಂಗಸರು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗುತ್ತಿದ್ದರು. ಅವರು ಏಳಬಾರದು ಅಂತ ವನಜಕ್ಕ ಗುಂಡಿಗಳನ್ನು ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದಳು. ಈಗ ಒಂದೇ ವೇಗದಲ್ಲಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಓಡಿಸಿದಳು.

ಕುಂಭಾಶಿ ದಾಟುವಾಗ ಸ್ವಾತಿ ಕೂಗಿದಳು, "ದೊಡ್ಡಮ್ಮ, ದೀಪ ಹೋಯ್ತ್!"

ಹಳದಿ ಗುರುತು ಇರಲಿಲ್ಲ. ಹಿಂದಿನಿಂದ ಪ್ರೇಮಾನಂದರು ಕತ್ತು ಚಾಚಿ, "ಹೌದಾ? ಖರೇನಾ?" ಅಂತ ಮೂರು ಸಲ ಕೇಳಿದರು. ಕೋಟೇಶ್ವರದಲ್ಲಿ ಗಾಡಿ ತಿರುಗಿಸಿದಾಗ, "ನಾ ಇದ್ನ್ ಸಮಾ ಸಾಂಕ್ಲಿಲ್ಲೆ," ಎಂದರು.

ಅಷ್ಟಾದರೂ ವನಜಕ್ಕ ಅಲ್ಲಿಯೇ ಹೂಂ ಅನ್ನಲಿಲ್ಲ. ದೀಪ ಹೋದದ್ದು ಒಳ್ಳೆಯದೇ, ಆದರೆ ಇಂಜೆಕ್ಟರ್ ಪರೀಕ್ಷೆ ಆಗಬೇಕು. ನಂಬರು ಇನ್ನೂ ಬೊಂಬಾಯಿಯದ್ದು. ಅಲ್ಲಿನ ಎನ್‌ಒಸಿ ಬಂದು, ಇಲ್ಲಿನ ತೆರಿಗೆ ಕಟ್ಟಿ, ಉಡುಪಿಯಲ್ಲಿ ಹೊಸ ನಂಬರು ಆಗುವ ತನಕ ಮುಂಗಡ ಬಿಟ್ಟರೆ ಬೇರೇನೂ ಕೊಡಬಾರದು ಅಂತ ಸ್ವಾತಿಗೆ ಪ್ರೇಮಾನಂದರ ಎದುರಿನಲ್ಲೇ ಹೇಳಿದಳು. ಅವರು ಬೇಸರಿಸಲಿಲ್ಲ. ಪರೀಕ್ಷೆಯಲ್ಲಿ ಒಂದು ಇಂಜೆಕ್ಟರ್ ಕೆಟ್ಟದ್ದು ಗೊತ್ತಾಗಿ, ತಾವೇ ಬದಲಿ ಹಾಕಿಸಿದರು. ಕಾಗದಪತ್ರಕ್ಕೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಅವರು ವಾರಕ್ಕೊಮ್ಮೆ ಸಾಸ್ತಾನದ ಆಚೆಯ ತನಕ ಗಾಡಿ ಓಡಿಸಿ ಬಂದು, ದೀಪ ಬರಲಿಲ್ಲ ಅಂತ ವನಜಕ್ಕನಿಗೆ ಫೋನು ಮಾಡಿ ತಿಳಿಸುತ್ತಿದ್ದರು.

ಗಾಡಿ ತರುವ ದಿನ ಅವರು ಅದನ್ನು ತೊಳೆದು ಒರೆಸಿ ಇಟ್ಟಿದ್ದರು. ಕೀ ಕೊಟ್ಟು, ಗೇಟಿನ ಹತ್ತಿರ ನಿಲ್ಲದೆ ಒಳಗೆ ಹೋದರು. ಸ್ವಾತಿ ಕಿಟಕಿಯ ಕಡೆ ನೋಡಿ ಕೈಬೀಸಿದಳು. ಪರದೆ ಸ್ವಲ್ಪ ಅಲುಗಿತು.

ಈ ಸಲ ವನಜಕ್ಕ ಎಡಗಡೆಯ ಸೀಟಿನಲ್ಲಿ ಕೂತಳು. ಸ್ವಾತಿ ಚೆನ್ನಾಗಿಯೇ ಓಡಿಸಿದಳು. ಕುಂದಾಪುರ ದಾಟಿತು, ಹೆಮ್ಮಾಡಿ ದಾಟಿತು, ತ್ರಾಸಿ ಕಳೆದು ಮರವಂತೆ ಬಂತು. ವನಜಕ್ಕ ಎಡಕ್ಕೆ ತಿರುಗಿ ಕತ್ತು ಉದ್ದ ಮಾಡಿದಳು. ಸೀಟು ಎಷ್ಟು ಕೆಳಗಿತ್ತೆಂದರೆ, ಅಲೆ ತಡೆಯಲು ಹಾಕಿದ ಕಲ್ಲುಬಂಡೆಗಳು ಮಾತ್ರ ಕಂಡವು, ಅವುಗಳ ಮೇಲೆ ಬರಿಯ ಆಕಾಶ. ಟೆಂಪೋದ ಸೀಟಿನಿಂದ ಇಡೀ ನೀರು, ದೂರದ ದೋಣಿಗಳ ಸಮೇತ, ಹಾಸಿ ಇಟ್ಟ ಹಾಗೆ ಕಾಣುತ್ತಿತ್ತು.

"ಹೆಣೆ, ಇದ್ರಗ್ ಕೂಕಂಡ್ರೆ ಕಡಲೇ ಕಾಂತಿಲ್ಯಲೆ!"

"ನಿಲ್ಸ್ಕಾ ದೊಡ್ಡಮ್ಮ? ಇಳ್ದ್ ಕಾಂಬ."

ವನಜಕ್ಕ ಗಾಜು ಇಳಿಸಿದಳು. ಅಲೆಯ ಸದ್ದು ಒಳಗೆ ಬಂತು, ಒಣಮೀನಿನ ವಾಸನೆಯೂ.

"ಬ್ಯಾಡ, ಬಿಡ್. ಈಗ ಸಮಾ ಬಿಸಿ ಆಯಿತ್ ಗಾಡಿ. ಓಡ್ಲಿ."