ಭೀಮಶಿಯ ಹಾರನ್ನು

ಭೀಮಶಿಯ ಅಂಗಿಯ ಜೇಬಿನಲ್ಲಿ ಸದಾ ಎಲುಬು ಇರುತ್ತಿದ್ದವು. ಸಿಂದಗಿಯ ಹೊರಗಿನ ಧಾಬಾದಲ್ಲಿ ನಾವು ಮೂವರು ಗೆಳೆಯರು ಉಂಡು ಏಳುವಾಗ, ಅವನು ಎಲ್ಲರ ತಾಟಿನ ಕೋಳಿ ಎಲುಬು ಆರಿಸಿ ಹಳೇ ಪೇಪರಿನಲ್ಲಿ ಸುತ್ತುತ್ತಿದ್ದ. ಗ್ಯಾರೇಜಿನವನ ಬೆರಳು, ಸುತ್ತಿದ ಪೇಪರಿಗೆಲ್ಲ ಎಣ್ಣೆ. ಟ್ರ್ಯಾಕ್ಟರ್ ಓಡಿಸುವ ಪರಸು ಹೇಸಿ ಎಂದು ಬೈದರೂ ಭೀಮಶಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ.

ಆ ಎಲುಬು ಒಂದು ನರಿಗೆ. ಒಂದು ರಾತ್ರಿ ಹಾಳುಬಿದ್ದ ಹತ್ತಿ ಗಿರಣಿಯ ಹಿಂದೆ ಗಾಡಿ ನಿಲ್ಲಿಸಿದಾಗ ಎದುರಿಗೇ ಬಂದು ನಿಂತಿತ್ತು. ನಾನು, ಪರಸು ಓಟ ಕಿತ್ತೆವು; ಭೀಮಶಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ತನ್ನ ಬೈಕಿಗೆ ಹಳೇ ಲಾರಿಯ ಹಾರನ್ನು ಕೂಡಿಸಿದ್ದ. ನೆಗಡಿಯಾದ ಎಮ್ಮೆಯಂತೆ ಒದರುತ್ತಿತ್ತು. ಅಂದಿನಿಂದ ಎರಡು ಸಲ ಹಾರನ್ನು ಹೊಡೆದು ಎಲುಬು ಹಾಕತೊಡಗಿದ. ಮೂರು ತಿಂಗಳಲ್ಲಿ ನರಿ ಆ ಸದ್ದಿಗೆ ಓಡಿ ಬರುವುದನ್ನು ಕಲಿಯಿತು. ಬೇರೆ ಯಾರ ಹಾರನ್ನಿಗೂ ಬರುತ್ತಿರಲಿಲ್ಲ.

ಇನ್ನೊಂದು ರಾತ್ರಿ ಎಟಿಎಂ ಕೋಣೆಯಲ್ಲಿ ಗೂಗೆ ಸಿಕ್ಕಿಕೊಂಡಿತ್ತು. ಅಪಶಕುನ ಎಂದು ನಾವು ಹಿಂದೆ ಸರಿದೆವು. ಭೀಮಶಿ ಅಂಗಿ ಬಿಚ್ಚಿ ಗೂಗೆಯನ್ನು ಅದರಲ್ಲಿ ಮೆಲ್ಲಗೆ ಹಿಡಿದು ಬೇವಿನ ಗಿಡಕ್ಕೆ ಕೂರಿಸಿ ಬಂದ. "ಅಪಶಕುನ ನಿಮಗಲ್ಲೋ, ಅದಕ್ಕ ಆಗೇತಿ. ಇಂಥಾ ಹೊತ್ತಿನ್ಯಾಗ ನಿಮ್ಮ ಮಾರಿ ನೋಡೇತಿ" ಎಂದ. ನಾವು ನಕ್ಕೆವು.

ಆಗ ನಾನು ಏಳು ಕಡೆ ಹೆಣ್ಣು ನೋಡಿದ್ದೆ, ಏಳೂ ಕಡೆ ಬೇಡವೆಂದಿದ್ದರು. ಎಂಟನೆಯದು ತಾಳಿಕೋಟೆಯಲ್ಲಿ. ಏಳುತ್ತಲೇ ನರಿಯ ಮುಖ ನೋಡಿದರೆ ಹಿಡಿದ ಕೆಲಸ ಆಗುತ್ತದೆಂದು ನಮ್ಮ ಕಡೆ ನಂಬಿಕೆ. ಆ ನರಿಯನ್ನೇ ಹಿಡಿದು ತಂದು ಮುಂಜಾನೆ ತೋರಿಸುತ್ತೇನೆಂದ ಪರಸು. ಹಾರನ್ನು ಹೊಡೆದು ಅದನ್ನು ಕರೆದುಕೊಡು ಎಂದು ಭೀಮಶಿಯನ್ನು ಕೇಳಿದೆ. ಅವನು ಎಲುಬು ಸುತ್ತುತ್ತಲೇ, "ನೋಡೂದಿದ್ರ ನೀನ ಎದ್ದು ಅಲ್ಲಿಗಿ ಹೋಗು. ನಿನ್ನ ಕಾಲೇನು ಸವದು ಹೋಗೂದಿಲ್ಲ" ಎಂದ.

ಅಷ್ಟು ಮಾಡಿದ್ದರೆ ಸಾಕಿತ್ತು. ನಾನು ಮಾತ್ರ ತಾಳಿಕೋಟೆಗೆ ಹೋಗುವ ಹಿಂದಿನ ರಾತ್ರಿ ಅವ್ವನಿಗೆ ಗುಳಿಗೆ ತರಬೇಕೆಂದು ಸುಳ್ಳು ಹೇಳಿ ಅವನ ಬೈಕು ಇಸಕೊಂಡೆ. ಗಿರಣಿಯ ಹಿಂದೆ ಎರಡು ಸಲ ಹಾರನ್ನು ಹೊಡೆದೆ. ನರಿ ಓಡಿ ಬಂತು. ನಾನು ಕೆಲಸ ಮಾಡುವ ಅಂಗಡಿಯ ಗೊಬ್ಬರದ ಚೀಲವನ್ನು, ಒಳಗೆ ಪ್ಲಾಸ್ಟಿಕ್ ಇರುವಂಥದ್ದನ್ನು, ಪರಸು ಅದರ ಮೇಲೆ ಹಾಕಿದ. ಚೀಲದ ಬಾಯಿ ಕಟ್ಟಿದವನು ನಾನೇ. ಕಚ್ಚೀತೆಂದು ಎರಡೆರಡು ಗಂಟು ಬಿಗಿದೆ.

ಮುಂಜಾನೆ ಪರಸು ಚೀಲ ಬಿಚ್ಚಿದ ಮೇಲೆ ಕಣ್ಣು ತೆರೆದೆ. ನರಿಯ ನಾಲಿಗೆ ಹೊರಗೆ ಚಾಚಿತ್ತು, ಹಲ್ಲಿನಲ್ಲಿ ಪ್ಲಾಸ್ಟಿಕ್ಕಿನ ಚೂರು. ಪರಸು ತಲೆ ಕೆರೆದುಕೊಂಡು, "ಸತ್ತರೇನಾತು, ಮಾರಿ ಮಾರಿನ ಅಲ್ಲ?" ಎಂದ. ಅಂದೇ ತಾಳಿಕೋಟೆಯವರು ಒಪ್ಪಿದರು. ಹುಡುಗಿಯ ಅಪ್ಪ ನನ್ನನ್ನು ಸಾಧು ಹುಡುಗ ಎಂದ.

ಭೀಮಶಿಗೆ ನಾವು ಹೇಳಲಿಲ್ಲ. ಹದಿನೈದು ದಿನ ಅವನ ಎದುರಿಗೇ ಉಂಡು ಎಲುಬು ಕೊಟ್ಟೆವು. ನಾನಂತೂ ನಾಚಿಕೆಗೆಟ್ಟು ಸ್ವಲ್ಪ ಮಾಂಸವನ್ನೂ ಬಿಟ್ಟು ಕೊಡುತ್ತಿದ್ದೆ. ಅವನು ಹಾರನ್ನು ಹೊಡೆದು ಕಾಯುತ್ತಿದ್ದ. "ಮರಿ ಹಾಕೇತಿ ಕಾಣ್ತೈತಿ, ಬಿಟ್ಟು ಬರಾಕ ಆಗವಲ್ತು" ಎನ್ನುತ್ತಿದ್ದ.

ಆಮೇಲೆ ಪರಸುವಿನ ಟ್ರ್ಯಾಕ್ಟರ್ ಕ್ಲಚ್ಚಿನ ರಿಪೇರಿಗೆ ಅವನ ಗ್ಯಾರೇಜಿಗೇ ಹೋಯಿತು. ಆ ಹುಚ್ಚ ಪರಸು ನರಿಯ ಬಾಲ ಕೊಯ್ದು ಕನ್ನಡಿಗೆ ಕಟ್ಟಿಕೊಂಡಿದ್ದ. ಭೀಮಶಿ ಕ್ಲಚ್ಚು ಸರಿಮಾಡಿ ಕೊಟ್ಟು, ಸಂಜೆ ನಮ್ಮ ಅಂಗಡಿಗೆ ಬಂದ. ನನ್ನನ್ನೇ ನೋಡುತ್ತ, "ಅವ್ವ ಗುಳಿಗಿ ತಗೊಂಡ್ಳೇನು?" ಎಂದ.

ಹೂಂ ಎಂದೆ.

ಮದುವೆಗೆ ಬಂದ. ಅಕ್ಕಿಕಾಳು ಹಾಕಿದ, ಹುಗ್ಗಿ ಉಂಡ, ಆಯೇರಿಯೆಂದು ಒಂದು ಗಂಟು ಕೊಟ್ಟು ಹೋದ. ಬಿಚ್ಚಿದರೆ ಎಣ್ಣೆ ಹತ್ತಿದ ಪೇಪರು, ಒಳಗೆ ಆ ಹಾರನ್ನು. ಇದನ್ನು ಯಾಕೆ ಕೊಟ್ಟರೆಂದು ಹೆಂಡತಿ ಕೇಳಿದಳು. ಗ್ಯಾರೇಜಿನವನು, ಇದ್ದದ್ದು ಕೊಟ್ಟಿದ್ದಾನೆ ಎಂದೆ.

ಅವನು ಗ್ಯಾರೇಜನ್ನು ಹೂವಿನ ಹಿಪ್ಪರಗಿಗೆ ಒಯ್ದ. ಹೋದ ವರ್ಷ ಬಸವನ ಬಾಗೇವಾಡಿ ರಸ್ತೆಯಲ್ಲಿ ನನ್ನ ಮುಂದೆಯೇ ಅದೇ ಬೈಕಿನ ಮೇಲೆ ಕಂಡ. ಎಮ್ಮೆ ಅಡ್ಡ ಬಂದಿದ್ದವು. ಎಲ್ಲರೂ ಹಾರನ್ನು ಒದರಿಸುತ್ತಿದ್ದರು. ಅವನು ಕಾಲೂರಿ, ಅವು ದಾಟುವ ತನಕ ಸುಮ್ಮನೆ ಕಾದ. ಹೆಸರು ಹಿಡಿದು ಕರೆಯಲು ಬಾಯಿ ತೆರೆದೆ. ಕರೆದರೆ ಬಂದುಬಿಟ್ಟಾನೆಂದು ಹೆದರಿ ಮುಚ್ಚಿಕೊಂಡೆ.