ಮಗ್ಗದ ಶೆಡ್ಡಿನ ಬ್ಯಾಡ್ಮಿಂಟನ್

ಹೊರದೇಶದಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗೆಂದೇ ಕ್ರೀಡಾಕೂಟ ನಡೆದ ಸುದ್ದಿಯನ್ನು ಉರ್ದು ಪತ್ರಿಕೆಯಲ್ಲಿ ಓದಿ ಹೇಳಿದವರು ನನ್ನ ತಂದೆಯೇ. ಬ್ಯಾಡ್ಮಿಂಟನ್ನೂ ಇತ್ತಂತೆ. ಅಂಪೈರ್ ಹೆಂಗಸು, ನೋಡುವವರು ಹೆಂಗಸರು, ಬಾಗಿಲು ಕಾಯುವವಳೂ ಹೆಂಗಸು.

ನಾನಾಗ ದೊಡ್ಡಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಕಾಲೇಜಿನ ಬ್ಯಾಡ್ಮಿಂಟನ್ ಆಟಗಾರ್ತಿಯರಲ್ಲಿ ನನ್ನ ಹೆಸರಿತ್ತು. ಬೆಂಗಳೂರಿನಲ್ಲಿ ನಡೆಯುವ ತಂಡದ ಆಯ್ಕೆಗೆ ಕಳಿಸಲು ಮಾತ್ರ ಅಬ್ಬಾ ಒಪ್ಪಿರಲಿಲ್ಲ.

ನಮ್ಮ ಮನೆಮಾತು ಉರ್ದು. ವಾದಕ್ಕೆ ನಿಂತಾಗ ನಾನು ಕನ್ನಡಕ್ಕೆ ಹೊರಳುತ್ತಿದ್ದೆ. ಚರ್ಚಾಸ್ಪರ್ಧೆಯ ಕಪ್ಪುಗಳೆಲ್ಲ ನಾನು ಆ ಭಾಷೆಯಲ್ಲಿ ಗೆದ್ದಂಥವು. ಅಬ್ಬಾ ಕೂಡ ಕನ್ನಡದಲ್ಲೇ ಎದುರಾಗುತ್ತಿದ್ದರು, ರೇಷ್ಮೆ ವ್ಯಾಪಾರಿಗಳೊಂದಿಗೆ ಚೌಕಾಸಿ ಮಾಡುವ ಕನ್ನಡದಲ್ಲಿ.

"ಅಂದ್ರೆ ಆಟ ತಪ್ಪಲ್ಲ, ಗಂಡಸರು ನೋಡೋದು ತಪ್ಪು. ಅಷ್ಟೇ ತಾನೆ?" ಎಂದೆ.

"ಅಷ್ಟೇ."

"ಅಲ್ಲಿ ಗಂಡಸರೇ ಇಲ್ಲ. ಹಂಗಾದ್ರೆ ಅಲ್ಲಿ ಆಡ್ಬೋದು."

"ಆಡು ಬೇಟಿ. ಬಾಗಿಲ ತನಕ ನಾನೇ ಕರ್ಕೊಂಡೋಗ್ತೀನಿ."

ಎದುರಾಳಿ ಒಪ್ಪಿದ ಮೇಲೆ ಉಸಿರಾಡಲು ಬಿಡಬಾರದು. "ಅಲ್ಲಿಗೆ ಹೋಗೋಕೆ ಮೊದ್ಲು ಇಲ್ಲಿ ಆಡಿ ಗೆಲ್ಬೇಕು. ಭಾನುವಾರ ಬೆಂಗಳೂರಲ್ಲಿ ಆಯ್ಕೆ ಇದೆ."

"ಆಯ್ಕೆ ಮಾಡೋರು ಯಾರು?"

ನಾನು ಪತ್ರಿಕೆ ಮಡಿಸತೊಡಗಿದೆ.

"ಹೇಳು ಲಾಯರಮ್ಮ. ಹೆಂಗಸರಾ, ಗಂಡಸರಾ?"

"ಗಂಡಸ್ರು."

ಅಡುಗೆಮನೆಯಲ್ಲಿ ಅಮ್ಮಿ ನಕ್ಕಿದ್ದು ಕೇಳಿಸಿತು. ಗಂಡಸರು ನೋಡದ ಅಂಗಳಕ್ಕೆ ಹೋಗಲು ಅವರು ನೋಡುವ ಅಂಗಳಗಳನ್ನೆಲ್ಲ ದಾಟಬೇಕಿತ್ತು. ಪತ್ರಿಕೆಯವರು ಅದನ್ನು ಬರೆದಿರಲಿಲ್ಲ.

ಅಬ್ಬಾ ಕಟುಕರಲ್ಲ, ಅದೇ ಕಷ್ಟ. ಮರುದಿನವೇ ಹಿತ್ತಿಲ ಶೆಡ್ಡಿನಿಂದ ಕೆಟ್ಟುನಿಂತ ಮಗ್ಗಗಳನ್ನು ಸಾಗಿಸಿ, ಕಿಟಕಿಗಳಿಗೆ ಗೋಣಿಚೀಲ ಹೊಡೆಸಿ, ನೆಟ್ ಕಟ್ಟಿಸಿದರು.

"ತಗೋ, ಇಲ್ಲೂ ಗಂಡಸರಿಲ್ಲ. ನೀನು ಕೇಳಿದ್ದು ಇದೇ ತಾನೆ?"

ಅಲ್ಲವೆನ್ನಲು ನನ್ನ ಮಾತೇ ಅಡ್ಡ ನಿಂತಿತ್ತು.

ಭಾನುವಾರ ಕಾಲೇಜಿನ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತಿದ ಹೊತ್ತಿಗೆ ನಾನು ಶೆಡ್ಡಿನಲ್ಲಿ ಅಣ್ಣನ ಹೆಂಡತಿಯೊಂದಿಗೆ ಆಡುತ್ತಿದ್ದೆ. ಎದುರಾಳಿಯನ್ನು ಹಿಂದಕ್ಕೆ ಓಡಿಸಬೇಕಾದರೆ ಕಾಕ್ ಎತ್ತರಕ್ಕೆ ಏರಬೇಕು. ಅಲ್ಲಿ ಎತ್ತಿದ್ದೆಲ್ಲ ತಗಡಿನ ಸೂರಿಗೆ ಬಡಿದು ಕಾಲಬಳಿ ಬೀಳುತ್ತಿತ್ತು. ಪಕ್ಕದ ಶೆಡ್ಡಿನ ಮಗ್ಗಗಳ ಸದ್ದನ್ನು ಮೀರಿ ಭಾಬಿ "ಕೆಳಗೆ, ಕೆಳಗೆ" ಎಂದು ಕೂಗುತ್ತಿದ್ದರು. ಕೆಳಗೇ ಹೊಡೆದೆ. ಆ ವರ್ಷವೆಲ್ಲ ಕೆಳಗೇ ಹೊಡೆದೆ.

ಮರುವರ್ಷ ಒಂದು ಮಧ್ಯಾಹ್ನ ಕಾಲೇಜಿನಲ್ಲಿ, ಲೇಡೀಸ್ ರೂಮಿನ ಹಿಂದಿನ ಬಯಲಲ್ಲಿ ನೆಟ್ ಕಟ್ಟಿ, ಗೆಳತಿಯೊಬ್ಬಳು ನನ್ನ ಕೈಗೆ ರಾಕೆಟ್ ಕೊಟ್ಟು ಕಾಕನ್ನು ಮೇಲಕ್ಕೆ ಹೊಡೆದಳು. ನಾನು ಮತ್ತೆ ಮತ್ತೆ ಚಪ್ಪಟೆಯಾಗಿ ಬಾರಿಸಿ ನೆಟ್ಟಿಗೆ ಸಿಕ್ಕಿಸಿದೆ.

"ಯಾಕೇ ಹಂಗೆ ತಗ್ಗಿಸ್ತೀಯ?" ಎಂದಳು. "ಮೇಲೆ ಏನಿದೆ?"