ಅಣ್ಣ ಮೂರು ಸಲ ಕೇಳಿದ ಪಾನಾ

ನನ್ನ ಮೊಮ್ಮಗಳು ರೇಸಿನಲ್ಲಿ ಮೊದಲು ಬಂದಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಕೈ ಓಡುವುದಿಲ್ಲ. ಕಾಲಿನ ಓಟವಲ್ಲ, ಮೋಟಾರಿನ ರೇಸು. ಮದ್ರಾಸಿನ ಕಡೆ ಅದಕ್ಕೆಂದೇ ಒಂದು ರಸ್ತೆ ಮಾಡಿದ್ದಾರಂತೆ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ರಸ್ತೆ. ಉಳಿದವರೆಲ್ಲ ಗಂಡುಹುಡುಗರು, ಇವಳೊಬ್ಬಳೇ ಹುಡುಗಿ. ಫೋನಿನಲ್ಲಿ "ನಾನಿ, ಫಸ್ಟ್!" ಎಂದು ಕೂಗಿದಳು. ಆಚೆ ಕಡೆಯ ಎಂಜಿನ್ನುಗಳ ಸದ್ದಿನಲ್ಲಿ ಇನ್ನೇನೂ ಕೇಳಲಿಲ್ಲ. ನಾನು ಮೊಣಕಾಲು ನೋವು ಮರೆತು ಶಿರಸಿಯ ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿಬಂದೆ. ಒಂದು ಮನೆಗೆ ಎರಡು ಸಲ ಹೋದೆನಂತೆ. ಅವರು ಎರಡನೇ ಸಲವೂ ಸಕ್ಕರೆ ಕೊಟ್ಟರು, ನಾನೂ ಎರಡನೇ ಸಲ ತಿಂದೆ.

ನಾಲ್ಕು ದಿನದ ಮೇಲೆ ಫೋಟೋ ಬಂತು. ಅದನ್ನು ನೋಡಿದವಳೇ ಕುಳಿತುಬಿಟ್ಟೆ. ಮೊಮ್ಮಗಳು ಕುಳಿತ ಮೋಟಾರಿನ ನಾಲ್ಕೂ ಗಾಲಿಗಳು ಮೈಯಿಂದ ಹೊರಗೆ ಚಾಚಿಕೊಂಡಿದ್ದವು. ಅವುಗಳ ಮೇಲೆ ಮಡ್ಗಾರ್ಡು ಇಲ್ಲ, ಏನೂ ಇಲ್ಲ. ಅಂಥ ಮೋಟಾರನ್ನು ನಾನು ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ನೋಡಿದ್ದೆ. ಅದರ ಪಾಡು ಏನಾಯಿತೋ ಅದು ನನ್ನ ಕೈಯಿಂದ ಆದದ್ದು. ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ಕನ್ನಡ ಶಾಲೆಯಲ್ಲಿ ನಾನು ಓದಿದ್ದು ಮೂರನೇ ಇಯತ್ತೆ, ಅಷ್ಟರಲ್ಲಿ ಹೇಗೆ ಬರುತ್ತದೋ ಹಾಗೆ ಬರೆಯುತ್ತೇನೆ.

ಎರಡನೇ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಅಬ್ಬಾನ ಹತ್ತಿರ ಒಂದು ಸರ್ವಿಸ್ ಮೋಟಾರು ಇತ್ತು. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿಬರುತ್ತಿತ್ತು, ಸಂತೆಯ ದಿನ ಸಿದ್ದಾಪುರಕ್ಕೆ. ಮನೆಯ ಮುಂದಿನ ತಗಡಿನ ಚಪ್ಪರವೇ ಗ್ಯಾರೇಜು. ಅಣ್ಣನಿಗೆ ಆಗ ಇಪ್ಪತ್ತು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಚೋಟಿ ಎನ್ನುತ್ತಿದ್ದ. ಎಂಜಿನ್ನಿನ ರೋಗವನ್ನು ಅವನು ಕಿವಿಯಿಂದ ಹಿಡಿಯುತ್ತಿದ್ದ. ಅಮ್ಮನ ಮರದ ಸೌಟಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

"ಆ ಸೌಟಲ್ಲಿ ನಾಳೆ ಸಾರು ತಿರುವಿದ್ರೆ ಗ್ರೀಸು ತಿಂತೀರಿ" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

"ತಿಂದ್ರೆ ಗಂಟಲು ಜಾರ್ತದೆ ಅಮ್ಮಾ, ಒಳ್ಳೇದೇ" ಎನ್ನುತ್ತಿದ್ದ ಅವನು.

ಮಧ್ಯಾಹ್ನ ಮೋಟಾರು ನಿಂತಿರುವಾಗ ನನ್ನನ್ನು ಡ್ರೈವರನ ಜಾಗದಲ್ಲಿ ಕೂರಿಸುತ್ತಿದ್ದ. ನನ್ನ ಕಾಲು ಪೆಡಲಿಗೆ ಎರಡು ಬೆರಳಿನಷ್ಟು ಸಾಲುತ್ತಿರಲಿಲ್ಲ. "ಕಾಲು ಸಿಕ್ಕ ದಿನ ಕಲಿಸ್ತೇನೆ" ಎಂದು ಮಾತು ಕೊಟ್ಟಿದ್ದ. ಹೆಣ್ಣುಮಕ್ಕಳಿಗೆ ಯಾರು ಹಾಗೆ ಹೇಳುತ್ತಿದ್ದರು ಆಗ? ನಾನು ದಿನಾ ಹೋಗಿ ಕಾಲು ಅಳೆದು ಬರುತ್ತಿದ್ದೆ.

ಆ ಬೇಸಿಗೆಯಲ್ಲಿ ಒಬ್ಬ ಇಂಗ್ಲಿಷ್ ಸಾಹೇಬ ಬಂದ. ಜಂಗಲ್ ಖಾತೆಯ ಅಧಿಕಾರಿಯ ಹೆಂಡತಿಯ ತಮ್ಮ. ಇಂಗ್ಲೆಂಡಿನಲ್ಲಿ ಮೋಟಾರು ರೇಸು ಓಡಿಸುವುದೇ ಅವನ ಕಸುಬಾಗಿತ್ತು. ತನ್ನ ಮೋಟಾರನ್ನೂ ಹಡಗಿನಲ್ಲಿ ತಂದಿದ್ದ. ದೋಣಿಯ ಹಾಗೆ ಉದ್ದ, ಒಬ್ಬರೇ ಕೂರುವಷ್ಟು ಜಾಗ, ನಾಲ್ಕು ಬತ್ತಲೆ ಗಾಲಿ. ಅದು ಪೇಟೆಗೆ ಬಂದ ದಿನ ಯಲ್ಲಾಪುರ ಕಡೆಯ ಪುರೋಹಿತ ಭಟ್ಟರೊಬ್ಬರು ನಮ್ಮ ಚಪ್ಪರದಲ್ಲಿ ಸರ್ವಿಸ್ ಮೋಟಾರಿಗೆ ಕಾಯುತ್ತಿದ್ದರು. ಗಾಲಿಗಳನ್ನು ನೋಡಿ ಪಂಚೆ ಎತ್ತಿ ಹಿಡಿದುಕೊಂಡರು.

"ಎಂತ ಸಾಬ್ರೆ, ಇದ್ಕೆ ಮಡ್ಗಾರ್ಡೇ ಇಲ್ಲೆ! ಮಳೆಗಾಲಕ್ಕೂ ಇದು ಇಲ್ಲೇ ಇದ್ರೆ ಆನು ರಸ್ತೆ ಬಿಟ್ಟು ಗದ್ದೆ ಹಾಳಿ ಮೇಲೇ ಓಡಾಡ್ತೆ."

ಅಬ್ಬಾ ನಗಲಿಲ್ಲ. ಅದಕ್ಕೆ ಕಾರಣವಿತ್ತು. ಕೆಲವು ವರ್ಷದ ಹಿಂದೆ ಇದೇ ಭಟ್ಟರು ಮಿಂದು ಮಡಿಯಲ್ಲಿ ತ್ಯಾಗಲಿಗೆ ಶ್ರಾದ್ಧ ಮಾಡಿಸಲು ಹೊರಟಿದ್ದಾಗ ಅಬ್ಬಾನ ಮೋಟಾರು ಅವರ ಮೈತುಂಬ ಕೆಂಪು ರಾಡಿ ಹಾರಿಸಿತ್ತು. ಅವರು ಬೈಯಲಿಲ್ಲ. "ನಂಗೆಂತ ಇಲ್ಲೆ, ಮತ್ತೊಂದ್ಸಲ ಮೀತೆ. ಅಲ್ಲಿ ಮನೆಮಂದಿ ಹಸ್ಕಂಡು ಕೂತಿದ್ವಲ ಮಾರಾಯಾ" ಎಂದಷ್ಟೇ ಹೇಳಿ ವಾಪಸು ಹೋದರು. ಆ ಮನೆಯವರು ಸಂಜೆಯವರೆಗೆ ಉಪವಾಸವಿದ್ದರಂತೆ. ಅಬ್ಬಾಗೆ ಅದು ಚುಚ್ಚಿತು. ಅಂದಿನಿಂದ ನಮ್ಮ ಮೋಟಾರಿನ ಮಡ್ಗಾರ್ಡಿಗೆ ಹಳೇ ಟಯರಿನ ತುಂಡು ಜೋಡಿಸಿ ನೆಲದವರೆಗೆ ಇಳಿಬಿಟ್ಟ. ದಾರಿಯಲ್ಲಿ ಮಡಿಯಲ್ಲಿರುವವರು ಕಂಡರೆ ಮೋಟಾರು ನಿಲ್ಲಿಸಿಯೇಬಿಡುತ್ತಿದ್ದ. ತನ್ನ ಚಪ್ಪರದಿಂದ ಮಡ್ಗಾರ್ಡಿಲ್ಲದ ಗಾಡಿ ಮಳೆಯಲ್ಲಿ ಹೊರಡಬಾರದು ಎಂದು ಕಾನೂನೇ ಮಾಡಿಕೊಂಡ.

ಸಾಹೇಬ ಮೋಟಾರನ್ನು ನಮ್ಮ ಚಪ್ಪರಕ್ಕೇ ತರತೊಡಗಿದ. ಹರಕು ಹಿಂದೂಸ್ತಾನಿಯಲ್ಲಿ ಅಣ್ಣನೊಡನೆ ಮಾತು. ನಾನು ಚಹಾ ಕೊಟ್ಟು ಅಲ್ಲೇ ಕಂಬಕ್ಕೆ ಆತು ನಿಲ್ಲುತ್ತಿದ್ದೆ. ಸಾಹೇಬನ ಕಥೆ ನನಗೆ ಸಿಕ್ಕಿದ್ದು ಹಾಗೆ, ತುಂಡುತುಂಡಾಗಿ. ವೈದ್ಯರ ಮಗ. ಓದು ಬಿಟ್ಟು ಮೊದಲು ಮೋಟಾರು ಸೈಕಲ್ಲಿನಲ್ಲಿ ಗುಡ್ಡ ಹತ್ತುವ ಪಂದ್ಯ. ಆಮೇಲೆ ಈ ಮೋಟಾರು. ಬಾಣಲೆಯ ಅಂಚಿನ ಹಾಗೆ ಓರೆಯಾದ ಸಿಮೆಂಟಿನ ರಸ್ತೆಯಲ್ಲಿ ಸುತ್ತಿದ್ದ, ಸಮುದ್ರ ದಾಟಿ ಬೇರೆ ದೇಶಗಳಲ್ಲೂ ಓಡಿಸಿದ್ದ. ಎಷ್ಟೋ ಸಲ ಎರಡನೆಯವ, ಒಂದೇ ಸಲ ಮೊದಲಿಗ. ಅದೂ ಯಾವುದೋ ದ್ವೀಪದಲ್ಲಿ, ಸುರಿಯುವ ಮಳೆಯಲ್ಲಿ. "ಮುಂದಿದ್ದವರು ಹೆದರಿ ನಿಧಾನ ಮಾಡಿದರು. ನನಗೆ ಹೆದರುವಷ್ಟು ಬುದ್ಧಿ ಇರಲಿಲ್ಲ" ಎನ್ನುತ್ತಿದ್ದ.

ಒಂದು ದಿನ ಉಳಿದದ್ದನ್ನೂ ಹೇಳಿದ. ಒಂದು ರೇಸಿನ ಬೆಳಿಗ್ಗೆ ಅವನ ಮೇಸ್ತ್ರಿ, ಎಡಗಾಲಿಯಲ್ಲಿ ಸದ್ದು ಬರುತ್ತಿದೆ, ಇವತ್ತು ಬೇಡ ಎಂದನಂತೆ. ಇವನು ಗದರಿದ. ಮೇಸ್ತ್ರಿ ಸುಮ್ಮನಾದ. ಮೂರನೇ ಸುತ್ತಿನಲ್ಲಿ ಗಾಲಿ ಕಳಚಿ ಉರುಳಿಕೊಂಡು ಹೋಗಿ, ದಾರಿಯ ಬದಿಗೆ ನಿಂತಿದ್ದ ಆ ಮೇಸ್ತ್ರಿಗೇ ಬಡಿಯಿತು. ಅವನು ಉಳಿಯಲಿಲ್ಲ. ಆಮೇಲೆ ಸಾಹೇಬ ರೇಸು ಬಿಟ್ಟ. ಮೋಟಾರನ್ನು ಮಾರಲೂ ಆಗದೆ ಬಿಟ್ಟುಬರಲೂ ಆಗದೆ ಜೊತೆಯಲ್ಲಿ ತಂದಿದ್ದ.

ಅದಾಗಿ ಕೆಲವು ದಿನಕ್ಕೆ ಅವನು ಸಿದ್ದಾಪುರದ ದಾರಿಯಲ್ಲಿ ಜೋರಾಗಿ ಓಡಿಸಿ ನೋಡುತ್ತೇನೆ ಎಂದು ಬಂದ. ಅಣ್ಣ ಸೌಟು ಹಚ್ಚಿ ಕೇಳಿದ.

"ಇವತ್ತು ಬೇಡ ಸಾಹೇಬ್."

ಸಾಹೇಬ ಕೂಗಾಡಿದ. ಅಣ್ಣ ಪ್ಲಗ್ಗಿನ ವೈರುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತ. ಕೊನೆಗೆ ಎಂಜಿನ್ನು ಬಿಚ್ಚಿದರೆ ಒಳಗೆ ಒಂದು ಬೇರಿಂಗು ಸೀಳಿತ್ತು. ಸಾಹೇಬ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಮರುದಿನ ಅಬ್ಬಾನ ಮುಂದೆ ಟೋಪಿ ತೆಗೆದು ನಿಂತ. ಇನ್ನೊಮ್ಮೆ ರೇಸಿಗೆ ಹೋಗುತ್ತೇನೆ, ನಿಮ್ಮ ಮಗನನ್ನು ಕಳಿಸಿಕೊಡಿ ಎಂದ. "ಸ್ಪ್ಯಾನರು ಹಿಡಿಯುವವರು ಅಲ್ಲಿ ಬೇಕಾದಷ್ಟಿದ್ದಾರೆ. ಬೇಡ ಅನ್ನುವವನು ಬೇಕು ನನಗೆ. ಯಾರು ಗದರಿದರೂ ಬೇಡ ಅನ್ನಬೇಕು."

ಅಮ್ಮ ಎರಡು ದಿನ ಅತ್ತಳು. ಅಬ್ಬಾ ಹೇಳಿದ, "ನನ್ನ ಕೈಯಿಂದ ಒಂದು ಸರ್ವಿಸ್ ಮೋಟಾರಾಯ್ತು. ಅವನ ಕೈಯಿಂದ ಎಂತ ಆಗ್ತದೋ, ಹೋಗ್ಲಿ." ಅಣ್ಣ ಆ ವಾರ ನೆಲದ ಮೇಲೆ ನಡೆದದ್ದನ್ನು ನಾನು ನೋಡಲೇ ಇಲ್ಲ, ಹಾರುತ್ತಿದ್ದ. ನನ್ನ ಕಾಲು ಪೆಡಲಿಗೆ ಇನ್ನೂ ಒಂದು ಬೆರಳು ಸಾಲುತ್ತಿರಲಿಲ್ಲ. ಅದನ್ನು ಅವನು ಆ ವಾರ ಒಮ್ಮೆಯೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಹಿಡಿದಿತ್ತು. ಸಾಹೇಬ ಭಾವನ ಜೊತೆ ಮುಂದಾಗಿ ಯಲ್ಲಾಪುರದ ಬಂಗಲೆಗೆ ಹೋಗಿದ್ದ. ಅಣ್ಣ ಮೋಟಾರನ್ನು ತಾನೇ ಓಡಿಸಿಕೊಂಡು ಮಧ್ಯಾಹ್ನದೊಳಗೆ ಅಲ್ಲಿಗೆ ಮುಟ್ಟಿಸಬೇಕು. ಅಲ್ಲಿಂದ ಇಬ್ಬರೂ ಹುಬ್ಬಳ್ಳಿ, ರೈಲು, ಮುಂಬಯಿ, ಹಡಗು. ಹಿಂದಿನ ದಿನ ಅಬ್ಬಾ ಸೀಮೆಎಣ್ಣೆ ಡಬ್ಬಿಗಳನ್ನು ಸೀಳಿ ನಾಲ್ಕು ಮಡ್ಗಾರ್ಡು ಬಡಿದ.

"ಅಬ್ಬಾ, ಆ ಗಾಲಿ ಹಂಗೇ ಇರ್ಬೇಕು. ಸಾಹೇಬ್ರು ಬೇಡ ಅಂತಾರೆ."

"ಸಾಹೇಬ ಓಡ್ಸುವಾಗ ಅವನಿಷ್ಟ. ನನ್ನ ಮಗ ಓಡ್ಸುವಾಗ ದಾರೀಲಿ ಹೋಗುವವರ ಮೈಮೇಲೆ ಒಂದು ಹನಿ ರಾಡಿ ಬೀಳ್ಬಾರ್ದು."

ಅಣ್ಣ ತಗಡುಗಳನ್ನು ಗಾಲಿಗಳ ಮೇಲೆ ಕೂರಿಸಿದ. ಸಾಹೇಬ ಕೊಟ್ಟಿದ್ದ ವಿಲಾಯತಿ ಪಾನಾದಿಂದ ಬೋಲ್ಟು ಬಿಗಿದ. ನಟ್ಟು ತಿರುಗಿಸುವ ಪಾನಾ ನಮ್ಮಲ್ಲಿ ಬೇಕಾದಷ್ಟಿದ್ದವು, ಆದರೆ ಅವೆಲ್ಲ ಅಮೇರಿಕದ ಅಳತೆಯವು. ಈ ಮೋಟಾರಿನ ನಟ್ಟುಗಳಿಗೆ ಅದೊಂದೇ ಕೂಡುತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಊರು ದಾಟಿದ ಮೇಲೆ ಬಿಚ್ಚಿ ಹಾಕ್ತೇನೆ. ಜನ ಕಂಡ್ರೆ ನಿಧಾನ ಹೋದ್ರಾಯ್ತು. ಅಬ್ಬಾಗೆ ಹೇಳ್ಬೇಡ." ನನಗೊಬ್ಬಳಿಗೇ ಹೇಳಿದ.

ಬೆಳಿಗ್ಗೆ ಅಮ್ಮ ಅವನ ತೋಳಿಗೆ ಪ್ರಯಾಣದ ರಕ್ಷೆಗೆಂದು ಹಸಿರು ಬಟ್ಟೆ ಕಟ್ಟಿದಳು. ಎಲ್ಲರೂ ಅವನನ್ನು ಸುತ್ತಿಕೊಂಡಿದ್ದಾಗ ನಾನು ಪಾನಾವನ್ನು ಎತ್ತಿ ಅಕ್ಕಿಹಿಟ್ಟಿನ ಡಬ್ಬಿಯೊಳಗೆ ಆಳಕ್ಕೆ ಒತ್ತಿಬಿಟ್ಟೆ. ಗಾಡಿ ಕೆಡಲಿ ಎಂದು ಅಲ್ಲ. ಸಾಹೇಬ ತಗಡಿನ ಮಡ್ಗಾರ್ಡು ನೋಡಲಿ, ಸಿಟ್ಟಾಗಲಿ, ಅಣ್ಣನನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಲಿ. ನನಗೆ ಬೇಕಾದದ್ದು ಅಷ್ಟೇ.

"ಚೋಟಿ, ಸಾಹೇಬ್ರ ಪಾನಾ ನೋಡಿದ್ಯೇನೆ?"

"ಇಲ್ಲ ಭಾಯಿ."

ಅವನು ಚಪ್ಪರವನ್ನೆಲ್ಲ ತಡಕಾಡಿ ಬಂದು ನನ್ನ ಕಿವಿ ಹಿಡಿದ. "ಆಡೋಕೆ ತಗೊಂಡಿದ್ಯಾ? ಬೈಯೋದಿಲ್ಲ, ಹೇಳು."

"ನಾನೆಂತಕ್ಕೆ ತಗೊಳ್ಲಿ?"

ಮೂರನೇ ಸಲ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಅಬ್ಬಾಗೆ ಕೇಳದ ಹಾಗೆ, ಸಣ್ಣ ದನಿಯಲ್ಲಿ, "ಅದಿಲ್ದೆ ಆಗೂದಿಲ್ಲ ಚೋಟಿ. ಕಂಡ್ರೆ ಕೊಡ್ತೀ ಅಲ್ಲ?"

"ಕೊಡ್ತೇನೆ."

ಅವನು ಹೊರಟ. ಒಂದು ತಾಸಿನ ಮೇಲೆ ಅಬ್ಬಾ, ಅಮ್ಮ, ನಾನು ಸರ್ವಿಸ್ ಮೋಟಾರಿನಲ್ಲಿ ಅವನನ್ನು ಬೀಳ್ಕೊಡಲು ಹೊರಟೆವು. ಭಟ್ಟರೂ ಇದ್ದರು. ಬೇಡ್ತಿ ಹೊಳೆಯ ಕಡೆಗಿನ ಇಳಿಜಾರಿನಲ್ಲಿ ಅವರೇ ಮೊದಲು ನೋಡಿದ್ದು.

"ಸಾಬ್ರೆ, ನಿಲ್ಸಿ ನಿಲ್ಸಿ! ನಿಮ್ಮ ಮಾಣಿ ಅಲ್ದಾ ಅಂವ?"

ಮೋಟಾರು ಗಟಾರಕ್ಕೆ ಇಳಿದು ಮತ್ತಿಮರಕ್ಕೆ ಮೂತಿ ಕೊಟ್ಟಿತ್ತು. ಅಣ್ಣ ದಾರಿಯ ಬದಿಗೆ ಕುಳಿತಿದ್ದ, ಹಣೆಯಲ್ಲಿ ಗಾಯ. ಅಮ್ಮ ಅವನನ್ನು ತಬ್ಬಿಕೊಂಡಳು. ಅಬ್ಬಾ ಮುಂದಿನ ಗಾಲಿಯ ಹತ್ತಿರ ಬಗ್ಗಿದ. ಆ ದಾರಿಯ ಜೇಡಿ ತಗಡಿಗೂ ಟಯರಿಗೂ ನಡುವೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಗಾಲಿ ತಿರುಗದೆ ಹಿಡಿದುಕೊಂಡಿತ್ತು. ಗಾಲಿ ಬತ್ತಲೆ ಇದ್ದಿದ್ದರೆ ರಾಡಿ ಹಾರಿಹೋಗುತ್ತಿತ್ತು, ಅಷ್ಟೇ. ಅಬ್ಬಾ ಬೆರಳಿನಿಂದ ಆ ಜೇಡಿಯನ್ನು ಕೆರೆದ, ಮತ್ತೆ ಕೆರೆದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಭಟ್ಟರು ನಡುವಿಗೆ ಪಂಚೆ ಕಟ್ಟಿ ಅದೇ ರಾಡಿಗಿಳಿದು ಮೋಟಾರನ್ನು ನೂಕಿದರು. ಮಡಿಯ ಮಾತು ಎತ್ತಲೇ ಇಲ್ಲ.

ನಾಟಾ, ಅಂದರೆ ಮರದ ದಿಮ್ಮಿ, ಎಳೆಯುವ ಎರಡು ಜೋಡಿ ಎತ್ತು ಕಟ್ಟಿ ಅದನ್ನು ಯಲ್ಲಾಪುರಕ್ಕೆ ಎಳೆಸಿದೆವು. ಸಾಹೇಬ ಬಂಗಲೆಯ ಮೆಟ್ಟಿಲ ಮೇಲೆ ನಿಂತಿದ್ದ. ಮೊದಲು ಅಣ್ಣನ ಹಣೆ ನೋಡಿದ, ಆಮೇಲೆ ತಗಡು.

"ಇದರಿಂದ ಕೆಡುತ್ತದೆ ಎಂದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು ಸಾಹೇಬ್."

"ಮತ್ತೆ?"

ಅಣ್ಣ ಅಬ್ಬಾನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬಿಚ್ಚಬೇಕೆಂದಿದ್ದೆ, ಪಾನಾ ಸಿಗಲಿಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ನಾನು ಅಮ್ಮನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ, ನಾನೂ ಹೇಳಲಿಲ್ಲ. ಸಾಹೇಬ ಸ್ವಲ್ಪ ಹೊತ್ತು ಕಾದ. ಆಮೇಲೆ ಅಣ್ಣನ ಭುಜ ತಟ್ಟಿ, ಗಾಯ ತೊಳೆಯಲು ಬಿಸಿನೀರು ತರಿಸಿದ. ಸಿಟ್ಟಾಗಲೇ ಇಲ್ಲ. ಆದರೆ ಕೆಡುತ್ತದೆ ಎಂದು ಗೊತ್ತಿದ್ದೂ ಬೇಡ ಅನ್ನದವನು ಅವನಿಗೆ ಬೇಡವಾದ. ಎರಡು ದಿನದ ಮೇಲೆ ಮೋಟಾರನ್ನು ಲಾರಿಗೆ ಹೇರಿಕೊಂಡು ಒಬ್ಬನೇ ಹೋದ.

ಮರುವರ್ಷ ಅವನಿಂದ ಒಂದು ಚಿತ್ರದ ಕಾರ್ಡು ಬಂತು. ಅದೇ ಮೋಟಾರು, ಅದೇ ಬತ್ತಲೆ ಗಾಲಿ, ಪಕ್ಕದಲ್ಲಿ ಪಾನಾ ಹಿಡಿದ ಬೇರೆ ಯಾರೋ. ಮೂರನೆಯವನಾಗಿ ಬಂದೆ ಎಂದು ಬರೆದಿದ್ದನಂತೆ. ಆಮೇಲೆ ಯುದ್ಧ ಬಂತು, ಅವನ ಸುದ್ದಿ ನಿಂತಿತು. ಅಣ್ಣ ಆ ಕಾರ್ಡನ್ನು ಸರ್ವಿಸ್ ಮೋಟಾರಿನಲ್ಲಿ ಕನ್ನಡಿಯ ಹಿಂದೆ ಸಿಕ್ಕಿಸಿಕೊಂಡು ಮೂವತ್ತು ವರ್ಷ ಅದೇ ಯಲ್ಲಾಪುರದ ದಾರಿ ಓಡಿಸಿದ. ಬೇಡ್ತಿಯ ಇಳಿಜಾರು ದಿನಕ್ಕೆ ಎರಡು ಸಲ.

ಅಬ್ಬಾ ಆಮೇಲೆ ಯಾರ ಗಾಡಿಗೂ ತಾನಾಗಿ ಮಡ್ಗಾರ್ಡು ಬಡಿಯಲಿಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, "ನನ್ನ ಹಟಕ್ಕೆ ಹುಡುಗನ ದಾರಿ ಮುಚ್ಚಿದೆ" ಎಂದು ನನ್ನ ಕೈ ಹಿಡಿದು ಹೇಳಿದ. ಆಗಲಾದರೂ ಹೇಳಬೇಕಿತ್ತು. ಗಂಜಿ ಕುಡಿಸಿದೆ, ಬಾಯಿ ಒರೆಸಿದೆ, ಹೇಳಲಿಲ್ಲ. ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡೇ ಅವನು ಹೋದ.

ಮೋಟಾರು ಗಟಾರಕ್ಕೆ ಬಿದ್ದ ಆ ವರ್ಷವೇ, ಮಳೆ ಮುಗಿಯುವ ಹೊತ್ತಿಗೆ, ನನ್ನ ಕಾಲು ಪೆಡಲಿಗೆ ಸಿಕ್ಕಿತು. ಅಣ್ಣನೇ ಅಳೆದು ನೋಡಿ ನಕ್ಕ. "ಬಾ ಚೋಟಿ, ಇವತ್ತು ಶುರು."

"ನಂಗೆ ಬೇಡ ಭಾಯಿ" ಎಂದೆ. ಅವನು ಏಕೆಂದು ಕೇಳಲಿಲ್ಲ. ನಾನು ಮೋಟಾರು ಕಲಿಯಲೇ ಇಲ್ಲ. ಪಾನಾ ಹಿಟ್ಟಿನ ಡಬ್ಬಿಯಿಂದ ಅಟ್ಟಕ್ಕೆ, ಅಟ್ಟದಿಂದ ನನ್ನ ಮದುವೆಯ ಟ್ರಂಕಿಗೆ ಹೋಯಿತು. ಪ್ರತಿ ಈದಿಗೆ ಅಣ್ಣ ಮನೆಗೆ ಬಂದಾಗ ಈ ಸಲ ಕೊಟ್ಟುಬಿಡೋಣ ಎಂದುಕೊಳ್ಳುತ್ತಿದ್ದೆ. ಶೀರ್ ಕುರ್ಮಾ ಕೊಡುತ್ತಿದ್ದೆ. ಅವನು ತೀರಿಹೋಗಿ ಹನ್ನೆರಡು ವರ್ಷವಾಯಿತು.

ಮೊನ್ನೆ ಮೊಮ್ಮಗಳು ಗೆದ್ದ ಬಟ್ಟಲು ಹಿಡಿದುಕೊಂಡು ಬಂದಳು. ನಾನು ಅವಳ ದೃಷ್ಟಿ ತೆಗೆದೆ, ಮುದ್ದಿಟ್ಟೆ, ನಕ್ಕೆ, ಅತ್ತೆ. ಆ ಬಟ್ಟಲಿನಲ್ಲೇ ಖೀರು ಹಾಕಿ ಕೊಟ್ಟೆ. ಆಮೇಲೆ ಟ್ರಂಕು ತೆಗೆದು ಪಾನಾವನ್ನು ಅವಳ ಕೈಯಲ್ಲಿಟ್ಟು ಇದೆಲ್ಲ ಹೇಳಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. ಪಾನಾವನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು.

"ಅವ್ರು ನಾಲ್ಕನೇ ಸಲ ಕೇಳಿದ್ರೆ ಕೊಡ್ತಿದ್ರಾ ನಾನಿ?"

"ಕೊಡ್ತಿದ್ದೆ" ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. "ಇಲ್ಲ ಮಗಾ. ಕೊಡ್ತಿರ್ಲಿಲ್ಲ."

ಅವಳು ಪಾನಾವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲೇ ಇಟ್ಟಳು.

"ಇದು ನನ್ನ ಗಾಡಿಗೆ ಕೂಡೋದಿಲ್ಲ ನಾನಿ. ನಿಮ್ಮ ಹತ್ರಾನೇ ಇರ್ಲಿ."

ಇಟ್ಟುಕೊಂಡಿದ್ದೇನೆ.